ಗೋದಮ್ಮನ ಕೈ

ಎಂಟು ವರ್ಷ ಮಳವಳ್ಳಿಯ ಅತ್ತೆಮನೆಯಲ್ಲಿ ಒಲೆ ಊದಿ, ಗಂಡನಿಗೆ ವರ್ಗವಾದ ಮೇಲೆ ಮಂಡ್ಯಕ್ಕೆ ವಾಪಸು ಬಂದ ಗೋದಾಳಿಗೆ ಮೊದಲ ವಾರದಲ್ಲೇ ಒಂದು ಸಂಗತಿ ತಿಳಿಯಿತು. ತಾನಿಲ್ಲದ ಕಾಲದಲ್ಲಿ ಈ ಊರು ಇನ್ನೊಬ್ಬ ಗೋದಾಳನ್ನು ಬೆಳೆಸಿ ಇಟ್ಟುಕೊಂಡಿತ್ತು. ಆ ಗೋದಾ ಕಣ್ಣು ಮುಚ್ಚಿಕೊಂಡು ಚೆಂಡೆಸೆದರೂ ಆಟದ ಕಬ್ಬಿಣದ ಬಳೆಯೊಳಗೇ ಬೀಳುತ್ತಿತ್ತಂತೆ. ಅವಳ ಹೆಸರು ಕೇಳಿದರೆ ಸಾಕು, ಮದ್ದೂರಿನ ಹುಡುಗಿಯರು ಸ್ಟೇಷನ್ನಿನಿಂದಲೇ ಹಿಂದಿರುಗುತ್ತಿದ್ದರಂತೆ. ಸುರಿಯುವ ಮಳೆಯಲ್ಲಿ ಮಳವಳ್ಳಿಯವರ ಎದುರು ಒಬ್ಬಳೇ ಆಡಿ ಗೆದ್ದುಕೊಟ್ಟಳಂತೆ. ಇದನ್ನೆಲ್ಲ ಹಾಲು ಹಾಕುವ ಪುಟ್ಟಮಾದಮ್ಮ ಗುತ್ತಲು ರಸ್ತೆಯ ಬಾಡಿಗೆ ಮನೆಯ ಹೊಸಲಿನಾಚೆ ನಿಂತು ಗೋದಾಳಿಗೇ ಹೇಳಿದಳು.

"ನೀವೂ ಇದೇ ಊರೋರಂತಲ್ಲ ಅಮ್ಮಾರೆ, ಅವ್ರನ್ನ ಕಂಡಿದ್ರಾ?" ಎಂದು ಕೇಳಿದಳು.

"ಕಂಡಿದ್ದೆ," ಎಂದಳು ಗೋದಾ.

ಮಳವಳ್ಳಿಯವರ ಮೇಲೆ ಆಡಿದ ದಿನ ಮಳೆ ಬಂದದ್ದು ನಿಜ. ಸೋತದ್ದೂ ನಿಜ. ಜಾರಿ ಬಿದ್ದು ಲಂಗವೆಲ್ಲ ಕೆಸರಾಗಿ, ಗೋದಾ ಗಾಡಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತ ಬಂದಿದ್ದಳು. ಆದರೆ ಸೋಲಿನ ಕತೆಯನ್ನು ಹಾಲಿನ ಜೊತೆ ಮನೆಮನೆಗೆ ಹಂಚುವವರು ಯಾರು?

ಆಟವೇ ಆಗ ಹೊಸದು. ಮದರಾಸಿನಿಂದ ಬಂದ ಒಬ್ಬ ದೊರೆಸಾನಿ ಹೆಣ್ಣುಮಕ್ಕಳ ಸ್ಕೂಲಿಗೆ ಕಲಿಸಿಕೊಟ್ಟು ಹೋದ ಬ್ಯಾಸ್ಕೆಟ್ ಬಾಲು, ಊರವರ ಬಾಯಲ್ಲಿ ಬುಟ್ಟಿ ಚೆಂಡು. ಬುಟ್ಟಿ ಮಾತ್ರ ಎಲ್ಲಿಯೂ ಇರಲಿಲ್ಲ. ಕಮ್ಮಾರ ಚೌಡಯ್ಯ ಮುರಿದ ಗಾಡಿಚಕ್ರದ ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ, ಬಾಗಿಸಿ, ಒಂದು ಬಳೆ ಮಾಡಿ ಸ್ಕೂಲಿನ ಅಂಗಳದ ಹೊಂಗೆಮರಕ್ಕೆ ತನ್ನ ಏಣಿ ಎಟುಕಿದಷ್ಟು ಎತ್ತರದಲ್ಲಿ ಹೊಡೆದಿದ್ದ. ಅಳತೆ ಗಿಳತೆ ಅಂತ ಅವನನ್ನು ಯಾರೂ ಕೇಳಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ. ಆ ಬಳೆಯಲ್ಲಿ ನೀರು ಕಾಯಿಸುವ ಹಂಡೆಯನ್ನೇ ತೂರಿಸಬಹುದಾಗಿತ್ತು. ಗೋದಾ ಚೆನ್ನಾಗಿ ಆಡುತ್ತಿದ್ದಳು, ಸುಳ್ಳಲ್ಲ. ಎಲ್ಲರಿಗಿಂತ ಚೆನ್ನಾಗಿಯೇ ಆಡುತ್ತಿದ್ದಳು. ಆದರೆ ಅವಳು ಎಸೆದದ್ದೆಲ್ಲ ಬೀಳುತ್ತಿತ್ತು ಎಂಬುದರಲ್ಲಿ ಅರ್ಧ ಪಾಲು ಚೌಡಯ್ಯನದು.

ಅವಳ ಹೊಟ್ಟೆ ಉರಿಸಿದ್ದು ಈ ಉತ್ಪ್ರೇಕ್ಷೆಯಲ್ಲ, ಕತೆಯ ಕೊನೆಯ ಭಾಗ. ದೊಡ್ಡವಳಾದ ದಿನ ಆ ಗೋದಾ ತಾನಾಗಿಯೇ ಚೆಂಡನ್ನು ಟೀಚರ ಮೇಜಿನ ಮೇಲಿಟ್ಟು, ನಮಸ್ಕಾರ ಮಾಡಿ, ತಿರುಗಿ ನೋಡದೆ ಗಂಡನ ಮನೆಗೆ ಹೊರಟಳಂತೆ. ನೋಡಿ, ಅದು ಸಂಸ್ಕಾರ ಅಂದರೆ! ನಡೆದದ್ದು ಬೇರೆ. ಹನ್ನೊಂದಕ್ಕೇ ಮದುವೆಯಾಗಿದ್ದ ಹುಡುಗಿ ಮೈನೆರೆದ ಸಂಜೆ, ಅಭ್ಯಾಸಕ್ಕೆಂದು ತಂದಿದ್ದ ಸ್ಕೂಲಿನ ಚೆಂಡು ಅವಳ ಕಂಕುಳಲ್ಲಿತ್ತು. ಅಜ್ಜಿ ಅವಳನ್ನು ಹಿತ್ತಲ ಕೋಣೆಯಲ್ಲಿ ಕೂರಿಸಿದಳು. ಚೆಂಡೂ ಮೈಲಿಗೆಯಾಯಿತೆಂದು ನುಗ್ಗೆಮರದ ಬುಡಕ್ಕೆ ಬಿಸಾಡಿಸಿದಳು. ಕಿಟಕಿಯಿಂದ ಗೋದಾ ನೋಡುತ್ತಿದ್ದಳು. ಮಳೆಗೆ ತೊಗಲು ಉಬ್ಬಿತು, ಬಿಸಿಲಿಗೆ ಬಿರಿಯಿತು, ಕಾಗೆ ಕುಕ್ಕಿತು. ಮರುತಿಂಗಳು ಅವಳನ್ನು ಮಳವಳ್ಳಿಗೆ ಕಳಿಸಿದರು. ಸ್ಕೂಲಿಗೆ ಹೋಗಿ ಬರ್ತೀನಿ ಎಂದು ಹೇಳುವುದಕ್ಕೂ ಯಾರೂ ಬಿಡಲಿಲ್ಲ. ಅತ್ತೆಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡೇ ಅಲ್ಲಿನ ಸ್ಕೂಲಿತ್ತು. ಸಂಜೆ ಗೋಡೆಯಾಚೆ ಚೆಂಡು ನೆಲಕ್ಕೆ ಕುಟ್ಟುವ ಸದ್ದು ಕೇಳಿದರೆ ಅವಳು ರುಬ್ಬುವ ಗುಂಡನ್ನು ಬೇಕೆಂದೇ ಜೋರಾಗಿ ತಿರುಗಿಸುತ್ತಿದ್ದಳು.

ಗಂಡ ಅನಂತರಾಮು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕೆಟ್ಟವನಲ್ಲ. ಎಂಟು ವರ್ಷದಲ್ಲಿ ಅವಳ ಮೇಲೆ ಕೈಯೆತ್ತಿದವನಲ್ಲ, ಅವಳನ್ನು ಏನನ್ನೂ ಕೇಳಿದವನೂ ಅಲ್ಲ. ಊರಿನ ಕತೆ ಕಚೇರಿಯಲ್ಲಿ ಕಿವಿಗೆ ಬಿದ್ದ ದಿನ ಮನೆಗೆ ಬಂದು, "ನೀನಾ?" ಎಂದು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕುಬಿಟ್ಟ. ಗೋದಾ ಅವನಿಗೆ ಕಾಫಿ ಕೊಟ್ಟಳು.

ಊರು ಒಂದು ಹೊಸ ಮಾತನ್ನೂ ಹುಟ್ಟುಹಾಕಿತ್ತು. ಕೆರಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ಇಂದ್ರಮ್ಮ ಎಂಬ ಹುಡುಗಿ ಎರಡನೇ ಗೋದಾ ಅಂತೆ. "ಎರಡನೇ" ಎಂದಾಗ ಗೋದಾಳಿಗೆ ಯಾಕೋ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಒಂದು ಸಂಜೆ ಮಕ್ಕಳಿಬ್ಬರನ್ನೂ ಪಕ್ಕದ ಮನೆಯಲ್ಲಿ ಬಿಟ್ಟು ಸ್ಕೂಲಿಗೆ ಹೋದಳು. ಈಗ ಅಲ್ಲಿ ಡ್ರಿಲ್ ಟೀಚರಾಗಿದ್ದವಳು ಅವಳ ಜೊತೆಯಲ್ಲೇ ಆಡಿದ್ದ ಚೂಡಾಮಣಿ. ಚೂಡಾಮಣಿಯ ಗಂಡ ಮದುವೆಯಾದ ವರ್ಷವೇ ಪ್ಲೇಗಿನಲ್ಲಿ ಹೋಗಿದ್ದ. ಇನ್ನೇನು ಮಾಡುವುದೆಂದು ತೋಚದೆ ತೌರಿನವರು ಓದಿಸಿದ್ದರು. ಮುತ್ತೈದೆಗೆ ಸಿಗದ ಅಂಗಳ ವಿಧವೆಗೆ ಸಿಕ್ಕಿತ್ತು. ಇಬ್ಬರೂ ಹಳೆಯ ಗೆಳತಿಯರಾದ್ದರಿಂದ ಅದನ್ನು ಮಾತಿಗೆ ತರಲಿಲ್ಲ.

ಹೊಂಗೆಮರದಿಂದ ಚೌಡಯ್ಯನ ಬಳೆ ಇಳಿದುಹೋಗಿತ್ತು. ತೇಗದ ಕಂಬ, ಹಲಗೆ, ಮದರಾಸಿನಿಂದ ತರಿಸಿದ ಬಳೆ. ಅದು ಎತ್ತರದಲ್ಲಿತ್ತು, ಚಿಕ್ಕದಾಗಿತ್ತು, ಚೆಂಡು ಹಿಡಿಸುತ್ತದೋ ಇಲ್ಲವೋ ಎನ್ನುವಂತಿತ್ತು. ಅದರ ಕೆಳಗೆ ಸೀರೆಯನ್ನು ಕಚ್ಚೆ ಹಾಕಿಕೊಂಡಿದ್ದ ಕಪ್ಪನೆಯ ಎತ್ತರದ ಹುಡುಗಿಯೊಬ್ಬಳು ಅತ್ತ ನೋಡುತ್ತ ಇತ್ತ ಹಾರಿ, ಗಾಳಿಯಲ್ಲೇ ತಿರುಗಿ, ಚೆಂಡನ್ನು ಬಿಟ್ಟಳು. ಚೆಂಡು ಕಬ್ಬಿಣವನ್ನು ಮುಟ್ಟದೆ ಇಳಿಯಿತು. ಗೋದಾ ಇಂಥದ್ದನ್ನು ಮಾಡಿರಲಿಲ್ಲ. ಮಾಡಬಹುದೆಂದು ಅವಳಿಗೆ ಹೊಳೆದೂ ಇರಲಿಲ್ಲ. ಬಾಯೊಳಗೆ ಹಾಗಲಕಾಯಿ ಕಚ್ಚಿದಂತಾಯಿತು.

ಚೂಡಾಮಣಿ ಪರಿಚಯ ಮಾಡಿಸಿದಳು. ಹುಡುಗಿ ಬೆವರೊರೆಸಿಕೊಳ್ಳುತ್ತ ಗೋದಾಳನ್ನು ನೆಟ್ಟಗೆ ನೋಡಿದಳು.

"ನೀವೇಯಾ ಗೋದಮ್ಮಾರು? ತಪ್ಪು ತಿಳ್ಕೋಬೇಡಿ ಅಮ್ಮಾರೆ, ನಿಮ್ ಎಸ್ರು ಕೇಳಿ ಕೇಳಿ ನಂಗೆ ಸಾಕಾಗೋಗದೆ. ಆಕುದ್ರೆ ಗೋದಮ್ಮನಂಗೆ ಆಕುದ್ಲು ಅಂತಾರೆ. ತಪ್ಪುದ್ರೆ ಗೋದಮ್ಮ ಆಗಿದ್ರೆ ತಪ್ತಿರ್ನಿಲ್ಲ ಅಂತಾರೆ. ನಾನು ಒಂದ್ ಸಲನಾದ್ರೂ ನಾನಾಗೇ ಆಕಿವ್ನಾ?"

"ಲೇ ಇಂದ್ರಾ!" ಎಂದು ಚೂಡಾಮಣಿ ಗದರಿದಳು. ಗೋದಾ ಮಾತ್ರ ನಕ್ಕುಬಿಟ್ಟಳು. ಮಂಡ್ಯಕ್ಕೆ ಬಂದ ಮೇಲೆ ಅವಳು ಹೊಟ್ಟೆಯಿಂದ ನಕ್ಕದ್ದು ಅದೇ ಮೊದಲು. ಈ ಊರಿನಲ್ಲಿ ಆ ಇನ್ನೊಬ್ಬ ಗೋದಾಳನ್ನು ಕಂಡರಾಗದವರು ತನ್ನ ಹೊರತು ಇನ್ನೊಬ್ಬರಿದ್ದಾರಲ್ಲ ಎಂದು ಅವಳಿಗೆ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಆಮೇಲೆ ದಿನ ಬಿಟ್ಟು ದಿನ ಸಂಜೆ ಅಂಗಳದ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಚೆಂಡನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ಹುಡುಗಿಯ ಮುಂದೆ ಎರಡು ದಾರಿಗಳಿದ್ದವು. ದಸರಾಕ್ಕೆ ಮೈಸೂರಿನಲ್ಲಿ ಹೆಣ್ಣುಮಕ್ಕಳ ಪಂದ್ಯ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಹಾಸ್ಟೆಲ್ಲಿನಲ್ಲಿಟ್ಟು ಓದಿಸಿ, ಡ್ರಿಲ್ ಟೀಚರ ಕೆಲಸಕ್ಕೆ ತಯಾರು ಮಾಡುತ್ತಿದ್ದರು. ಚೂಡಾಮಣಿ ಹೆಸರು ಕಳಿಸಿಯೂ ಆಗಿತ್ತು. ಇತ್ತ ಮದ್ದೂರಿನ ಕಡೆಯಿಂದ, ಎರಡು ಆಲೆಮನೆ ಇದ್ದವರ ಸಂಬಂಧ ಬಂದಿತ್ತು. ಶ್ರಾವಣದಲ್ಲಿ ವೀಳ್ಯ ಬದಲಾಯಿಸಿ ಮದುವೆ ನಿಶ್ಚಯವಾಗಬೇಕು, ವೀಳ್ಯವಾದ ಹುಡುಗಿ ಮೈಸೂರಿನಲ್ಲಿ ಸಾವಿರ ಜನರ ಮುಂದೆ ಕುಣಿಯಕೂಡದು ಎಂದು ಅವರು ಖಂಡಿತವಾಗಿ ಹೇಳಿದ್ದರು.

"ನಮ್ಮಪ್ಪ ನಿಮ್ ಮಾತ್ ಒಂದ್ನೇಯ ಕೇಳದು," ಎಂದಳು ಇಂದ್ರಮ್ಮ. ಅಷ್ಟು ಬಿರುಸಿನ ಹುಡುಗಿ ಅವತ್ತು ಉಗುರು ಕಚ್ಚುತ್ತಿದ್ದಳು. "ಒಂದ್ ಮಾತ್ ಏಳಿ ಅಮ್ಮಾರೆ."

ಕರೆಸುವ ಮೊದಲೇ ಅವಳ ಅಪ್ಪ ಕರಿಯಪ್ಪ ತಾನಾಗಿ ಗೋದಾಳ ಮನೆಗೆ ಬಂದ. ದೊಡ್ಡ ಪೇಟ, ಕಾಲಿಗೆ ಜೀರುಂಡೆಯಂತೆ ಕಿರುಗುಟ್ಟುವ ಹೊಸ ಮೆಟ್ಟು. ಕಾಲುವೆ ನೀರು ಬಂದು, ಸಕ್ಕರೆ ಕಾರ್ಖಾನೆ ಬಂದು, ಕಬ್ಬಿನಿಂದ ಚೇತರಿಸಿಕೊಂಡ ಕುಳ. ಮೆಟ್ಟನ್ನು ಆಚೆಯೇ ಬಿಟ್ಟು, ಒಂದು ಬೆಲ್ಲದ ಪಿಂಡಿಯನ್ನು ಜಗುಲಿಯ ಮೇಲಿಟ್ಟು, ಗೋದಾಳನ್ನು ದೇವರನ್ನು ನೋಡುವಂತೆ ನೋಡಿದ.

"ಬೆಲ್ಲದ ಗಾಡಿ ಕಟ್ಕೊಂಡು ಸಂತೆಗೆ ಬಂದೋನು ಬೇಲಿ ಮಗ್ಗುಲಲ್ಲಿ ನಿಂತು ನಿಮ್ಮಾಟ ನೋಡಿವ್ನಿ ತಾಯಿ. ಎತ್ತು ಅವ್ಗಳ ಪಾಡಿಗವು ಓಗಿ ಯಾರ್ದೋ ರಾಗಿ ಮೂಟೆಗೆ ಬಾಯಾಕಿದ್ವು, ನಂಗೆ ಗ್ಯಾನವೇ ಇರ್ನಿಲ್ಲ. ಮಾರ್ನೆ ದಿನವೇ ನಮ್ ಇಂದ್ರೀನ ಇಸ್ಕೂಲಿಗೆ ಸೇರ್ಸ್ಬುಟ್ಟೆ. ಊರೋರು ನಗಾಡುದ್ರು. ನಗಾಡ್ಕಳ್ಳಿ ಅಂದೆ."

ಇಂಥವನನ್ನು ಹೇಗೆ ದ್ವೇಷಿಸುವುದು?

"ಗೌಡ್ರೇ, ಹುಡುಗೀನ ಮೈಸೂರಿಗೆ ಕಳಿಸಿ. ಅವಳು ನನಗಿಂತ ಮೇಲು. ಮುಖಸ್ತುತಿ ಅಲ್ಲ, ನಿಜ ಹೇಳ್ತಿದೀನಿ."

ಕರಿಯಪ್ಪ ಹಲ್ಲು ಬಿಟ್ಟು ನಕ್ಕ. "ದೊಡ್ಡೋರ ಮನೆ ಎಣ್ಮಕ್ಳು ಇಂಗೇಯಾ ಮಾತಾಡದು. ಎಲ್ಲಾರ ತಮ್ಮನ್ನ ತಾವು ಒಗಳ್ಕತಾರಾ?"

"ಆವಾಗ ಬಳೆ ದೊಡ್ಡದಿತ್ತು. ಯಾರು ಎಸೆದಿದ್ರೂ ಬೀಳ್ತಿತ್ತು."

"ಅಗೋ, ಈಗ ಚೌಡಯ್ಯನ ಮ್ಯಾಲಾಕುದ್ರಿ!" ಅವನು ತೊಡೆ ತಟ್ಟಿಕೊಂಡ. ತಾನು ಆಡಿದ ನಿಜವೆಲ್ಲ ಆ ಇನ್ನೊಬ್ಬ ಗೋದಾಳ ಗುಣದ ಪಟ್ಟಿಗೆ ಹೋಗಿ ಸೇರುತ್ತಿರುವುದನ್ನು ನೋಡಿ ಗೋದಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಮದುವೆಯಾದ್ರೆ ಕೈ ಹೋಗತ್ತೆ ಗೌಡ್ರೇ. ಇಷ್ಟು ಚೆನ್ನಾಗಿರೋ ಕೈ ಹಾಳಾಗತ್ತೆ."

"ಎಲ್ಲೋಯ್ತದೆ? ಕೈಲಿರೋ ಇದ್ಯೆ ಏನು ಬೆಲ್ಲವಾ, ನೀರ್ ಬಿದ್ರೆ ಕರಗೋಗಕ್ಕೆ? ಬೀಗ್ರು ಒಪ್ಪುದ್ರೆ ಅವ್ರ ಅಟ್ಟಿ ಮುಂದೇಯಾ ಒಂದ್ ಬಳೆ ಒಡಿಸ್ಕೊಡ್ತೀನಿ, ಆಡ್ಕಳ್ಳಿ."

"ನನ್ನ ಕೈ ಹೋಗಿದೆ."

"ಬುಡಿ ಅಮ್ಮಾರೆ."

"ಹೋಗಿದೆ. ಬೇಕಾದ್ರೆ ಎಲ್ಲರೆದುರು ತೋರಿಸ್ತೀನಿ."

ಕರಿಯಪ್ಪನ ನಗು ನಿಂತಿತು. "ಆಗ್ಲಿ. ನಿಮ್ ಕೈ ಓಗಿರದ್ನ ನಾನು ಕಣ್ಣಾರೆ ಕಂಡ್ರೆ, ಬೋರೇದ್ಯಾವ್ರಾಣೆ, ವೀಳ್ಯ ನಿಲ್ಲಿಸಿ ಮಗೀನ ಮೈಸೂರಿಗೆ ಕಳುಸ್ತೀನಿ. ಓಗಿಲ್ಲ ಅಂದ್ರೆ, ನನ್ ಮಾತಿಗೆ ನೀವು ಅಡ್ಡ ಬರ್ಬಾರ್ದು."

ಹೊಸ ಬಳೆಯನ್ನು ತಾಲ್ಲೂಕು ಕಚೇರಿಯ ಅಮಲ್ದಾರರ ಕೈಯಲ್ಲಿ ಉದ್ಘಾಟನೆ ಮಾಡಿಸುವುದೆಂದು ಮೊದಲೇ ಗೊತ್ತಾಗಿತ್ತು. ಆ ದಿನ ಹಳೆಯ ಆಟಗಾರ್ತಿ ಗೋದಾ ಮೂರು ಸಲ ಎಸೆಯುವುದು, ಅವಳ ಹಿಂದೆಯೇ ಇಂದ್ರಮ್ಮ ಎಸೆಯುವುದು ಎಂದು ಚೂಡಾಮಣಿ ಏರ್ಪಾಡು ಮಾಡಿದಳು. ಅಮಲ್ದಾರರೇ "ನಿಮ್ಮ ಮನೆಯವರಂತಲ್ಲ" ಎಂದು ವಿಚಾರಿಸಿದ್ದರಿಂದ ಅನಂತರಾಮು ಇಲ್ಲವೆನ್ನಲಾಗಲಿಲ್ಲ. ಹೊರಡುವಾಗ ಹೇಳಿದ: "ಸೆರಗು ಸರಿಯಾಗಿ ಹೊದ್ದುಕೋ. ಎಸೆದ ಶಾಸ್ತ್ರ ಮಾಡಿ ಬಂದು ಕೂತ್ಕೋ. ನಗೋರು ನಗ್ತಾರೆ, ನಕ್ಕು ಸುಮ್ಮನಾಗ್ತಾರೆ."

ಅಂಗಳದ ಮೂಲೆಯಲ್ಲಿ ಇಂದ್ರಮ್ಮ ಅವಳ ಕೈ ಹಿಡಿದುಕೊಂಡಳು. ಹುಡುಗಿಯ ಅಂಗೈ ತಣ್ಣಗಿತ್ತು.

"ಹೆದರಬೇಡ್ವೇ," ಎಂದಳು ಗೋದಾ. "ಹಂಡೆ ತೂರೋ ಬಳೇಲಿ ಹಾಕ್ತಿದ್ದೋಳು ನಾನು. ಎಂಟು ವರ್ಷವಾಯ್ತು ಚೆಂಡು ಮುಟ್ಟಿ. ಈ ಬಳೇಲಿ ಬೀಳತ್ತೇನೇ?"

"ಬಿದ್ಬುಟ್ರೆ?"

"ತಪ್ಪಿಸ್ತೀನಿ. ಹಾಕೋಕೆ ಬರದಿದ್ರೂ ತಪ್ಪಿಸೋಕೆ ಬರಲ್ವಾ ನನಗೆ?"

ಹುಡುಗಿ ನಕ್ಕಳು. ಆ ನಗುವನ್ನು ಗೋದಾ ಆಮೇಲೆ ಎಷ್ಟು ಸಲ ನೆನೆದಳೋ.

ಊರೇ ಬಂದಿತ್ತು. ಅಮಲ್ದಾರರು ಕುರ್ಚಿಯಲ್ಲಿ, ಪಕ್ಕದ ಬೆಂಚಿನಲ್ಲಿ ಅನಂತರಾಮು ಮತ್ತು ಕಚೇರಿಯವರು; ಬೇಲಿಯ ಉದ್ದಕ್ಕೂ ಪೇಟಗಳು, ಸೈಕಲ್ಲುಗಳು. ಎಲ್ಲರಿಗಿಂತ ಮುಂದೆ ಕರಿಯಪ್ಪ, ಮೆಟ್ಟು ಬಿಟ್ಟು, ಕೈಕಟ್ಟಿಕೊಂಡು ನಿಂತಿದ್ದ. ಚೂಡಾಮಣಿ ಚೆಂಡು ಕೊಟ್ಟಳು. ಗೋದಾ ಎಸೆದಳು. ಮೋಸ ಮಾಡಬೇಕಾದ ಪ್ರಮೇಯವೇ ಬರಲಿಲ್ಲ. ಚೆಂಡು ಅರ್ಧಕ್ಕೇ ಬಳಲಿ, ಬಳೆಯ ಹತ್ತಿರವೂ ಸುಳಿಯದೆ ಕೆಳಗೆ ಬಿತ್ತು. ಸೆರಗು ಜಾರಿತು. ಅವಳು ಅದನ್ನು ಎಳೆದುಕೊಂಡಳು.

ಯಾರೋ ಲೊಚಗುಟ್ಟಿದರು. ಬೇಲಿಯ ಕಡೆಯಿಂದ ಒಂದು ದನಿ ಸ್ಪಷ್ಟವಾಗಿ ಕೇಳಿತು: "ಇವ್ಳೇಯೇನ್ಲಾ ಗೋದಮ್ಮ? ಇಷ್ಟುಕ್ಕಾ ಇಷ್ಟ್ ವರ್ಸ ಒಗಳಿದ್ದು?" ನಗು ಎದ್ದಿತು. ಗೋದಾ ಬೆಂಚಿನ ಕಡೆ ನೋಡಿದಳು. ಅನಂತರಾಮು ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ಮೀಸೆಯಡಿ ನಗುತ್ತಿದ್ದ. ಕರಿಯಪ್ಪ ನಗುತ್ತಿರಲಿಲ್ಲ. ಮನೆಯಲ್ಲಿ ಸಾವಾದವನ ಹಾಗೆ ನಿಂತಿದ್ದ. ಕೆಲಸ ಆಗುತ್ತಿತ್ತು. ಇನ್ನೆರಡು ಸಲ ಹೀಗೇ ಎಸೆದರೆ ಹುಡುಗಿ ಮೈಸೂರಿಗೆ ಹೋಗುತ್ತಿದ್ದಳು.

ಆದರೆ ಅಷ್ಟು ದಿನ ತಾನು ಶಪಿಸಿದ ಆ ಇನ್ನೊಬ್ಬ ಗೋದಾ ಎಲ್ಲರ ಕಣ್ಣೆದುರು ಸಾಯುತ್ತಿರುವುದನ್ನು ಗೋದಾಳಿಂದ ನೋಡಲಾಗಲಿಲ್ಲ. ತನಗೆ ಇದ್ದದ್ದು ಅವಳೊಬ್ಬಳೇ. ಒಲೆ, ರುಬ್ಬುಗುಂಡು, ಎರಡು ಬಾಣಂತನ, ಕಾಫಿಲೋಟ ಇವುಗಳ ಆಚೆಗೆ ಲೋಕದಲ್ಲಿ ಅವಳದೆಂದು ಉಳಿದದ್ದು ಆ ಸುಳ್ಳುಗೋದಾ ಮಾತ್ರ. ಎರಡನೆಯ ಸಲ ಚೆಂಡು ಕೈಗೆ ಬಂದಾಗ ಬೆರಳು ತಾವಾಗಿಯೇ ತೊಗಲಿನ ಹೊಲಿಗೆಯನ್ನು ಹುಡುಕಿದವು. ಮಳವಳ್ಳಿಯ ಗೋಡೆಯಾಚೆಯ ಸದ್ದು ಕಿವಿಯಲ್ಲಿ ಕುಟ್ಟಿತು. ಮೊಣಕಾಲು ಬಾಗಿತು. ಚೆಂಡು ಮೇಲೆ ಹೋಗಿ, ಬಳೆಯ ಅಂಚಿನಲ್ಲಿ ಒಂದು ಸುತ್ತು ಸುತ್ತಿ, ಒಳಗೆ ಬಿತ್ತು.

ಬೇಲಿ ಮುರಿಯುವಷ್ಟು ಕೂಗು. ಅನಂತರಾಮುವಿನ ನಗು ಬಾಯಲ್ಲೇ ಉಳಿಯಿತು. ಗೋದಾ ಅದನ್ನು ನೋಡಿದಳು. ನೋಡಿ ಅವಳಿಗೆ ಎಂಟು ವರ್ಷದ ಹಸಿವು ಇಂಗಿದಂತಾಯಿತು. ಸೆರಗನ್ನು ಸೊಂಟಕ್ಕೆ ಬಿಗಿದಳು. ಮೂರನೆಯ ಚೆಂಡನ್ನು ತಾನೇ ಬಗ್ಗಿ ಎತ್ತಿಕೊಂಡು, ಎರಡು ಹೆಜ್ಜೆ ಹಿಂದಕ್ಕೆ ಸರಿದು, ಗುರಿ ನೋಡಿ ಎಸೆದಳು. ಅದು ಕಬ್ಬಿಣವನ್ನು ಮುಟ್ಟದೆ ಇಳಿಯಿತು.

ಜನ ಒಳಗೆ ನುಗ್ಗಿದರು. ಕರಿಯಪ್ಪ ಮೇಲುವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, "ನಾನ್ ಏಳ್ನಿಲ್ವಾ? ಕೈ ಎಲ್ಗೋಯ್ತದೆ? ಎಲ್ಗೂ ಓಗಕ್ಕಿಲ್ಲ!" ಎಂದು ಕಂಡಕಂಡವರ ಭುಜ ಹಿಡಿದು ಅಲುಗಿಸಿದ. ಅಮಲ್ದಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಗದ್ದಲದ ಹಿಂದೆ ಚೆಂಡು ನೆಲಕ್ಕೆ ಬಿದ್ದ ಸದ್ದು ಕೇಳಿ ಗೋದಾ ತಿರುಗಿದಳು. ಇಂದ್ರಮ್ಮ ತನ್ನ ಸರದಿಯ ಚೆಂಡನ್ನು ಎಸೆಯುತ್ತಿದ್ದಳು. ಒಂದು ಬಳೆಯೊಳಗೆ ಬಿತ್ತು. ಇನ್ನೊಂದು ಬಿತ್ತು. ಮೂರನೆಯದೂ ಬಿತ್ತು. ಚೂಡಾಮಣಿ ಮತ್ತು ಗೋದಾಳ ಹೊರತು ಯಾರೂ ನೋಡಲಿಲ್ಲ.

"ಎರಡನೇದು ಬಿಡು," ಎಂದಳು ಚೂಡಾಮಣಿ ಆಮೇಲೆ, ಚೆಂಡನ್ನು ಚೀಲಕ್ಕೆ ತುಂಬುತ್ತ, ಮುಖ ಎತ್ತದೆ. "ಕೈ ತಪ್ಪಿ ಬಿತ್ತು ಅಂದ್ಕೋತೀನಿ. ಮೂರನೇದು ಯಾಕೇ?"

ಗೋದಾ ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿ ಹೊದ್ದುಕೊಂಡಳು. ಉತ್ತರವಿತ್ತು, ಆದರೆ ಅದು ಇನ್ನೊಬ್ಬರ ಮುಂದೆ ಹೇಳಿಕೊಳ್ಳುವಂಥದ್ದಲ್ಲ.

ಶ್ರಾವಣದಲ್ಲಿ ವೀಳ್ಯವಾಯಿತು. ಮೈಸೂರಿಗೆ ಬೇರೊಬ್ಬ ಹುಡುಗಿ ಹೋಗಿ, ಯಾರ ಕಣ್ಣಿಗೂ ಬೀಳದೆ ವಾಪಸು ಬಂದಳು. ಕಾರ್ತಿಕದ ಹೊತ್ತಿಗೆ ಪುಟ್ಟಮಾದಮ್ಮ ಹಾಲು ಅಳೆಯುತ್ತ ಹೊಸ ಕತೆ ಹೇಳಿದಳು. "ಈಗಿನ್ ಮಕ್ಳೇನ್ ಆಡ್ತವೆ ಅಮ್ಮಾರೆ, ಆಡುದ್ರೆ ಇಂದ್ರಮ್ಮನಂಗೆ ಆಡ್ಬೇಕು. ವೀಳ್ಯ ಆದ್ ದಿನವೇ ಚೆಂಡ್ನ ಮೇಜಿನ ಮ್ಯಾಲಿಕ್ಕಿ, ಕೈಮುಗ್ದು, ತಿರುಗಿ ನೋಡ್ದೆ ಓದ್ಲಂತೆ." ಗೋದಾ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆ ವಾರವೇ ಕರಿಯಪ್ಪ ಮಗಳನ್ನು ಕರೆದುಕೊಂಡು ಬಂದ. ಎಲೆ ಅಡಿಕೆ, ತೆಂಗಿನಕಾಯಿ, ಲಗ್ನಪತ್ರಿಕೆ. ಮೊದಲ ಕರೆ ದೇವರಿಗೆ, ಎರಡನೆಯದು ಗೋದಮ್ಮಾರಿಗೆ ಎಂದ. ಅನಂತರಾಮು ಈಗ ಹೆಂಡತಿಯನ್ನು ಹುಡುಕಿಕೊಂಡು ಬರುವವರಿಗೆ ತಾನೇ ಚಾಪೆ ಹಾಸುತ್ತಿದ್ದ. ಇಂದ್ರಮ್ಮ ಹಸಿರು ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ತಲೆ ತಗ್ಗಿಸಿ ನಿಂತಿದ್ದಳು. ಇಷ್ಟು ಗಿಡ್ಡವಾಗಿ ಕಾಣುವವಳು ಆ ಎತ್ತರದ ಹುಡುಗಿಯೇ ಎಂದು ಗೋದಾಳಿಗೆ ನಂಬಲಾಗಲಿಲ್ಲ.

"ಕಾಲಿಗ್ ಬೀಳು ಮಗ. ತಾಯಿ, ನಿಮ್ಮಂಗೇ ಆಗ್ಲಿ ಅಂತ ಅರಸಿ. ನಂಗಷ್ಟೇ ಸಾಕು."

ಇಂದ್ರಮ್ಮ ಬಗ್ಗಿದಳು. ಹಣೆ ಗೋದಾಳ ಕಾಲಿಗೆ ತಾಗುವಷ್ಟು ಹತ್ತಿರ ಬಂದಾಗ, ಗೋದಾಳಿಗೆ ಮಾತ್ರ ಕೇಳುವಂತೆ ಹೇಳಿದಳು:

"ತಪ್ಪುಸ್ತೀನಿ ಅಂದಿದ್ರಿ."

ಅಕ್ಷತೆ ಗೋದಾಳ ಮುಷ್ಟಿಯಲ್ಲಿತ್ತು. ಅಪ್ಪ ಕಾಯುತ್ತಿದ್ದ, ಗಂಡ ಕಾಯುತ್ತಿದ್ದ. ನಿನ್ನ ಬಾಳು ನನ್ನಂತಾಗಲಿ ಎನ್ನಲು ಮನಸ್ಸು ಒಪ್ಪಲಿಲ್ಲ. ನನ್ನಂತಾಗದಿರಲಿ ಎನ್ನುವುದಕ್ಕೂ ಧೈರ್ಯ ಬರಲಿಲ್ಲ. ಕೊನೆಗೆ ಕೈ ಎತ್ತಿ ಅಕ್ಷತೆ ಹಾಕಿದಳು. ಕಣ್ಣು ಮಂಜಾಗಿ ಹುಡುಗಿಯ ತಲೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಅರಿಸಿನದ ಅಕ್ಕಿಯೆಲ್ಲ ಬೈತಲೆಯ ಮೇಲೆಯೇ ಬಿತ್ತು.

ಕರಿಯಪ್ಪ ಬಗ್ಗಿ ನೆಲವನ್ನೆಲ್ಲ ಹುಡುಕಿ ನೋಡಿದ. ಆನಂದದಿಂದ ಅವನ ಮುಖ ಅರಳಿತು.

"ನೋಡ್ದಾ ಮಗ? ಒಂದ್ ಕಾಳೂ ಆಚ್ಗೆ ಬೀಳ್ನಿಲ್ಲ. ಕೈ ಅಂದ್ರೆ ಗೋದಮ್ಮಾರ ಕೈಯಿ!"